ಮೂರು ಕಿಲೋ ಮೀರದ ಚೀಲ

ನಾನು ಕಟ್ಟಿಕೊಟ್ಟ ಬೆನ್ನುಚೀಲ ಹೊತ್ತು ಬೆಟ್ಟದ ತುದಿ ಮುಟ್ಟಿದ ಗಿರಾಕಿಯೊಬ್ಬ, ಸುಸ್ತಾಯಿತೆಂದು ಅದನ್ನು ಬೆನ್ನಿನಿಂದ ಇಳಿಸಿದರೆ ಚೀಲ ಕೆಳಗೆ ಬೀಳಲಿಲ್ಲ, ಮೇಲಕ್ಕೆ ಹೋಯಿತು. ಎದುರಿಗೆ ಬರುತ್ತಿದ್ದ ಹದ್ದೊಂದು ಮರ್ಯಾದೆಯಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತಂತೆ. ಮೂರು ದಿನ ಬಿಟ್ಟು ಆ ಗಿರಾಕಿ ಅಂಗಡಿಗೆ ಬಂದು, "ನನ್ನ ಊಟದ ಡಬ್ಬಿ ಅದರೊಳಗೇ ಇತ್ತಲ್ರೀ!" ಎಂದು ಕೂಗಾಡಿದ. ನಾನು ತಣ್ಣಗೆ ಹೇಳಿದೆ: "ಹಗುರ ಬೇಕು ಅಂದ್ರಿ, ಹಗುರ ಕೊಟ್ಟೆ. ಹಿಡ್ಕೊಳ್ಳೋದನ್ನೂ ನಾನೇ ಹೇಳಿಕೊಡ್ಬೇಕಾ ಸ್ವಾಮಿ?"

ನಂಬದಿದ್ದರೆ ಬಿಡಿ. ನಂಬುವವರಿಗೆ ಮಾತ್ರ ಹೇಳುತ್ತೇನೆಂದು ಕೂತಿದ್ದರೆ ನನ್ನ ಬಾಯಿಗೆ ಎಂದೋ ತುಕ್ಕು ಹಿಡಿಯುತ್ತಿತ್ತು.

ಬೆಟ್ಟ ಹತ್ತುವವರಿಗೆ ಬೇಕಾದ ಸಾಮಾನು ಮಾರುವ ಅಂಗಡಿಯಲ್ಲಿ ನನಗೆ ಕೆಲಸ. ಅಂಗಿಯ ಜೇಬಿನ ಮೇಲೆ ತಗಡಿನ ಬಿಲ್ಲೆ ಇದೆ, 'ಬೆಟ್ಟದ ಸಲಹೆಗಾರ' ಎಂದು ಬರೆದಿದೆ. ಮಹಡಿಯ ಮೇಲಿನ ಉದ್ದನೆಯ ಕೋಣೆ ನನ್ನ ರಾಜ್ಯ. ಒಂದು ಗೋಡೆಯ ತುಂಬ ಚೀಲಗಳು ಕೊಕ್ಕೆಗಳಿಗೆ ನೇತಾಡುತ್ತವೆ. ಖಾಲಿ ಚೀಲ ಜೋತುಬಿದ್ದು ದರಿದ್ರವಾಗಿ ಕಾಣುವುದರಿಂದ ಪ್ರತಿಯೊಂದರ ಹೊಟ್ಟೆಗೂ ಸ್ಪಂಜಿನ ತುಂಡುಗಳನ್ನು ತುರುಕಿ ದುಂಡಗೆ ಮಾಡುವುದು ನನ್ನ ಬೆಳಗಿನ ಕೆಲಸ. ಇನ್ನೊಂದು ಗೋಡೆಗೆ ಬೂಟುಗಳು. ನಡುವೆ ಒಂದು ಟೆಂಟು, ಗಿರಾಕಿಗಳು ಒಳಗೆ ಮಲಗಿ ನೋಡಲೆಂದು. ಗಿರಾಕಿಗಳು ಇಲ್ಲದ ಹೊತ್ತಿನಲ್ಲಿ ಅದನ್ನು ಪರೀಕ್ಷಿಸುವ ಹೊಣೆ ನನ್ನದು.

ಇಲ್ಲಿಗೆ ಬರುವ ಜನರನ್ನು ನೋಡಿ ನೋಡಿ ನನಗೆ ಮನುಷ್ಯಕುಲದ ಮೇಲೆಯೇ ಕರುಣೆ ಹುಟ್ಟಿದೆ. ಹಲ್ಲಿನ ಡಾಕ್ಟರೊಬ್ಬರು ಭಾರ ಕಡಿಮೆ ಮಾಡಲೆಂದು ತಮ್ಮ ಬ್ರಷ್ಷಿನ ಹಿಡಿಯನ್ನು ಗರಗಸದಲ್ಲಿ ಕೊಯ್ದುಕೊಂಡು ಬಂದು ನನಗೆ ತೋರಿಸಿದರು. ಉಳಿದದ್ದು ಎರಡು ಬೆರಳಗಲದ ತುಂಡು. "ಬೆಳಿಗ್ಗೆ ಹೋಗಿ ಸಂಜೆ ಬರೋ ನಡಿಗೆಗೆ ಬ್ರಷ್ ಯಾಕೆ ಡಾಕ್ಟ್ರೆ?" ಎಂದೆ. "ತುರ್ತಿಗೆ," ಎಂದರು. ಬೆಟ್ಟದ ಮೇಲೆ ಹಲ್ಲಿಗೆ ಯಾವ ತುರ್ತು ಬರುತ್ತದೋ ಆ ದೇವರೇ ಬಲ್ಲ. ಇನ್ನೊಬ್ಬ ಕಂಟ್ರಾಕ್ಟರು. ಹೊಟ್ಟೆಯಲ್ಲೇ ಹದಿನೈದು ಕಿಲೋ ಹೆಚ್ಚುವರಿ ಸಾಮಾನು ಹೊತ್ತವನು ಎರಡು ಜಾಕೆಟ್ಟುಗಳನ್ನು ಎರಡು ಅಂಗೈಯಲ್ಲಿಟ್ಟುಕೊಂಡು ಮುಕ್ಕಾಲು ಗಂಟೆ ತೂಗಿದ. "ಇದು ನಲವತ್ತು ಗ್ರಾಂ ಜಾಸ್ತಿ ಅನ್ಸುತ್ತೆ," ಎಂದು ನಿಟ್ಟುಸಿರು ಬಿಟ್ಟ. ಆ ನಿಟ್ಟುಸಿರೇ ಅರ್ಧ ಕಿಲೋ ಇತ್ತು.

ಇಂಥವರ ನಡುವೆ ನಾನೊಬ್ಬ ತಜ್ಞ. ತಕ್ಕಡಿ ನನಗೆ ಬೇಕಿಲ್ಲ. ವಸ್ತು ಬಾಗಿಲಿನಿಂದ ಒಳಗೆ ಬರುವಾಗಲೇ ಅದರ ನೆರಳು ನೋಡಿ ತೂಕ ಹೇಳುತ್ತೇನೆ. ಒಮ್ಮೆ ಒಬ್ಬ ಹೆಂಗಸು ಟೋಪಿ ಕೊಳ್ಳಲು ಬಂದಾಗ, "ನಿಮ್ಮ ತಲೆ ನಾಲ್ಕು ಕಿಲೋ ನೂರು, ಅದರಲ್ಲಿ ಯೋಚನೆ ಮುನ್ನೂರು ಗ್ರಾಂ," ಎಂದಿದ್ದೆ. ಆಕೆ ಟೋಪಿ ಕೊಳ್ಳದೆ ಹೋದಳು. ಸತ್ಯ ಯಾರಿಗೆ ಬೇಕು?

ಗುರುವಾರ ಮಧ್ಯಾಹ್ನ ನಾನು ಟೆಂಟನ್ನು ಆಳವಾಗಿ ಪರೀಕ್ಷಿಸುತ್ತಿದ್ದಾಗ ಹೊರಗೆ ಯಾರೋ ಕೆಮ್ಮಿದರು.

"ಅಳಿಯಂದ್ರೆ, ಬಿಡುವಾಗಿದೀರಾ?"

ನನ್ನ ಅತ್ತೆ. ಹೆಂಡತಿಯ ತಾಯಿ.

"ನಿಮಗಿಲ್ಲದ ಬಿಡುವಾ ಅತ್ತೆ? ಬನ್ನಿ, ಬನ್ನಿ!"

"ಬರೋದೆಲ್ಲಿಗೆ, ಒಳಗಾ? ನೀವೇ ಎದ್ದು ಬನ್ನಿ. ಕೆನ್ನೆ ಮೇಲೆ ಜಿಪ್ಪಿನ ಗುರುತು ಬಿದ್ದಿದೆ, ಒರೆಸ್ಕೊಳ್ಳಿ."

ಅತ್ತೆ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಮೂವತ್ತನಾಲ್ಕು ವರ್ಷ ರಕ್ತ, ಮೂತ್ರ, ಕಫ ಪರೀಕ್ಷೆ ಮಾಡಿ ನಿವೃತ್ತರಾದವರು. ಅವರ ಕಣ್ಣಿಗೆ ಮನುಷ್ಯರೆಲ್ಲ ಸೀಸೆಯಲ್ಲಿ ಹಿಡಿದಿಟ್ಟ ಮಾದರಿಗಳು. ಮದುವೆಯಾದ ಒಂಬತ್ತು ವರ್ಷದಿಂದ ನನ್ನನ್ನೂ ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದಾರೆ. ಏನು ಕಂಡಿತೆಂದು ಈವರೆಗೆ ಹೇಳಿಲ್ಲ. ಹೇಳದಿರುವುದರಿಂದಲೇ ಒಳ್ಳೆಯದೇನೂ ಕಂಡಿಲ್ಲವೆಂದು ಊಹಿಸಬಹುದು.

ಅವರ ಒಂದು ಕೈಯಲ್ಲಿ ಹಳೆಯ ಬೆನ್ನುಚೀಲ, ಇನ್ನೊಂದರಲ್ಲಿ ಬಟ್ಟೆಯ ಕೈಚೀಲ. ಕೈಚೀಲದಿಂದ ತಮ್ಮ ಸ್ವಂತ ತಕ್ಕಡಿಯನ್ನು ತೆಗೆದು ಮೇಜಿನ ಮೇಲಿಟ್ಟು, ಅದು ಸಮತಟ್ಟಾಗಿದೆಯೇ ಎಂದು ಬಗ್ಗಿ ನೋಡಿದರು.

"ಅಂಗಡೀಲೇ ತಕ್ಕಡಿ ಇದೆಯಲ್ಲ ಅತ್ತೆ," ಎಂದೆ.

"ಇದೆ. ಅದನ್ನ ನೋಡ್ಕೊಳ್ಳೋರು ನೀವೇ ಅಲ್ವಾ? ಅದಕ್ಕೇ ಇದನ್ನ ತಂದೆ."

ಗಲ್ಲಾಪೆಟ್ಟಿಗೆಯ ಹಿಂದೆ ಕೂತ ಹೆಂಗಸು ಕಿಸಕ್ಕೆಂದಳು. ನನ್ನ ಅವಮಾನಗಳಿಗೆ ಸಾಕ್ಷಿಯಾಗಿ ಕೂರಲೆಂದೇ ಮಾಲೀಕರು ಅವಳಿಗೆ ಸಂಬಳ ಕೊಡುತ್ತಾರೆ.

ಅತ್ತೆ ಬಂದ ವಿಷಯ ಇದು. ಹದಿನೆಂಟು ವರ್ಷದಿಂದ ಅವರು ಭಾನುವಾರದ ನಡಿಗೆ ಸಂಘವೊಂದರಲ್ಲಿ ಇದ್ದಾರೆ. ತಿಂಗಳಿಗೊಂದು ಬೆಟ್ಟ. ಅದರ ಯಜಮಾನಿಕೆ ನಿವೃತ್ತ ಡ್ರಿಲ್ ಮೇಷ್ಟ್ರೊಬ್ಬರದು. ಕುತ್ತಿಗೆಯಲ್ಲಿ ಸದಾ ಶಿಳ್ಳೆ ನೇತುಹಾಕಿಕೊಂಡಿರುವುದರಿಂದ ಊರೆಲ್ಲ ಅವರನ್ನು ಶಿಳ್ಳೆ ಮೇಷ್ಟ್ರು ಎನ್ನುತ್ತದೆ. ಸಂಘಕ್ಕೆ ಅವರು ಮಾಡಿದ ನಿಯಮ ಒಂದೇ: ತನ್ನ ಹೊರೆ ತನ್ನ ಬೆನ್ನಿಗೆ. ವರ್ಷದಲ್ಲಿ ಎರಡು ಸಲ ಯಾರಾದರೂ ತಮ್ಮ ಹೊರೆಯನ್ನು ಇನ್ನೊಬ್ಬರ ಕೈಗೆ ಕೊಟ್ಟರೆ ಹೆಸರು ಪಟ್ಟಿಯಿಂದ ಹೋಗುತ್ತದೆ. ಅತ್ತೆಯ ಬಲಭುಜಕ್ಕೆ ಆರು ತಿಂಗಳ ಹಿಂದೆ ಆಪರೇಷನ್ ಆಗಿತ್ತು. ಕಳೆದ ತಿಂಗಳು ಮತ್ತೆ ನಡೆಯಲು ಹೋದವರು ಅರ್ಧ ದಾರಿಯಲ್ಲಿ ನೋವು ತಾಳಲಾರದೆ ಚೀಲ ಬೇರೆಯವರಿಗೆ ಕೊಟ್ಟಿದ್ದರು. ಅಲ್ಲಿಗೆ ಒಂದು ಸಲ ಮುಗಿದಿತ್ತು.

"ಈ ಭಾನುವಾರ ಇನ್ನೊಂದ್ಸಲ ಕೊಟ್ರೆ ಮುಗೀತು. ಮೂರು ಕಿಲೋ ಮೀರ್ಬಾರ್ದು ಅಂತ ಡಾಕ್ಟ್ರು ಹೇಳಿದಾರೆ. ಮೂರರೊಳಗೆ ಕಟ್ಟಿಕೊಡ್ತೀರಾ?"

"ಒಂದು ನಡಿಗೆ ಸಂಘಕ್ಕೆ ಇಷ್ಟು ತಲೆ ಕೆಡಿಸ್ಕೊಳ್ಳೋದಾ ಅತ್ತೆ? ಹದಿನಾರು ಜನ ಮುದುಕರು ಸಾಲಾಗಿ ನಿಂತು ಶಿಳ್ಳೆಗೆ ನಡೆಯೋದು. ಕುರಿಗಳೂ ಇದನ್ನೇ ಮಾಡ್ತವೆ, ಬೂಟು ಹಾಕ್ಕೊಳ್ದೆ."

ಅತ್ತೆ ನನ್ನನ್ನು ಬೆಳಕಿಗೆ ಹಿಡಿದು ನೋಡಿದರು.

"ನೀವು ವಾರವೆಲ್ಲ ಏನು ಮಾಡ್ತೀರೋ ನಂಗೊತ್ತಿಲ್ಲ. ನಾನು ವಾರವೆಲ್ಲ ಆ ಒಂದು ದಿನಕ್ಕೆ ಮೈ ಸರಿಮಾಡ್ಕೊಳ್ತೀನಿ. ಭುಜಕ್ಕೆ ದಿನಾ ಎರಡು ಗಂಟೆ ವ್ಯಾಯಾಮ ಮಾಡಿದೀನಿ, ಕಣ್ಣಲ್ಲಿ ನೀರು ಹಾಕ್ಕೊಂಡು. ಪಟ್ಟಿಯಿಂದ ಹೆಸರು ಹೋಯ್ತು ಅಂದ್ರೆ ಅಷ್ಟೂ ಯಾಕೆ ಮಾಡಿದೆ ಅಂತ ನನ್ನನ್ನೇ ಕೇಳ್ಕೋಬೇಕಾಗತ್ತೆ. ಆಗತ್ತೋ ಇಲ್ವೋ, ಅಷ್ಟು ಹೇಳಿ."

"ಮೂರು ಕಿಲೋನಾ? ಆನೇನ ತಂದುಕೊಡಿ, ಎರಡೂವರೆಗೆ ಇಳಿಸಿಕೊಡ್ತೀನಿ."

"ಆನೆ ಬೇಡ. ಇದನ್ನ ಇಳಿಸಿ," ಎಂದು ಹಳೆಯ ಚೀಲವನ್ನು ತಕ್ಕಡಿಯ ಮೇಲಿಟ್ಟರು. ನಾಲ್ಕು ಕಿಲೋ ಎಂಟುನೂರ ಹತ್ತು.

ಚೀಲ ಬಿಚ್ಚಿದೆ. ಅದರೊಳಗಿನ ಸಂಸಾರ ನೋಡಿ ನನಗೆ ನಗು ತಡೆಯಲಾಗಲಿಲ್ಲ. ಗೂಟ ಹೊಡೆಯಲೂ ಆಗುವಂಥ ಸ್ಟೀಲ್ ನೀರಿನ ಬಾಟಲಿ. ಮೂರು ಸೆಲ್ಲಿನ ಟಾರ್ಚು. ಕೊಡೆ. ಮೈಯೊರೆಸುವ ದೊಡ್ಡ ಟವೆಲ್ಲು. ಔಷಧಿ ಇಡಲು ಬಿಸ್ಕತ್ತಿನ ತಗಡಿನ ಡಬ್ಬಿ. ಹನ್ನೊಂದು ವರ್ಷದ ಉಣ್ಣೆ ಸ್ವೆಟರು. ಅದು ಒದ್ದೆಯಾದರೆ ಕುರಿಯನ್ನೇ ಹೊತ್ತ ಹಾಗೆ.

"ಅತ್ತೆ, ಇದು ಒಂದು ದಿನದ ನಡಿಗೆಯೋ, ಮಗಳನ್ನ ಗಂಡನ ಮನೆಗೆ ಕಳಿಸೋದೋ?"

"ಮಗಳನ್ನ ಕಳಿಸುವಾಗ ಇಷ್ಟು ಯೋಚನೆ ಮಾಡಿರಲಿಲ್ಲ. ಮಾಡ್ಬೇಕಿತ್ತು."

ಗಲ್ಲಾಪೆಟ್ಟಿಗೆಯಿಂದ ಮತ್ತೆ ಕಿಸಕ್.

ಒಂದೊಂದನ್ನೇ ಕಿತ್ತು ಬದಲಾಯಿಸಿದೆ. ಸ್ಟೀಲ್ ಬಾಟಲಿಯ ಬದಲು ತೆಳ್ಳನೆಯ ಪ್ಲಾಸ್ಟಿಕ್ ಬಾಟಲಿ. ಟಾರ್ಚಿನ ಬದಲು ಹಣೆಗೆ ಕಟ್ಟುವ ದೀಪ, ನಲವತ್ತೈದು ಗ್ರಾಂ. ಕೊಡೆ ಹೊರಗೆ, ಮುಷ್ಟಿಯಲ್ಲಿ ಮಡಚಿಡಬಹುದಾದ ಮಳೆಯಂಗಿ ಒಳಗೆ. ಟವೆಲ್ಲಿನ ಬದಲು ಕರ್ಚೀಫು. ತಗಡಿನ ಡಬ್ಬಿಯ ಬದಲು ಜಿಪ್ಪಿನ ಕವರು. ಸ್ವೆಟರಿನ ವಿಷಯದಲ್ಲಿ ಯುದ್ಧವೇ ನಡೆಯಿತು.

"ಈ ತೆಳ್ಳನೇದು ಗಾಳಿ ತಡೆಯತ್ತಾ?"

"ಅತ್ತೆ, ಇದನ್ನ ಹಾಕ್ಕೊಂಡು ನಾನು ಹಿಮದ ಗುಹೇಲಿ ಒಂಬತ್ತು ದಿನ ಕೂತಿದ್ದೆ. ಹತ್ತನೇ ದಿನ ಸೆಕೆಯಾಗಿ ಬಿಚ್ಚಿದೆ."

"ರೈಲು ಬಿಡ್ಬೇಡಿ. ಗ್ರಾಂ ಎಷ್ಟು, ಅದನ್ನ ಹೇಳಿ."

ಅವರು ಎಲ್ಲವನ್ನೂ ಒಂದೊಂದಾಗಿ ತೂಗಿ, ಚೀಟಿಯೊಂದರಲ್ಲಿ ಪ್ರಯೋಗಾಲಯದ ಸಣ್ಣ ಅಕ್ಷರದಲ್ಲಿ ಬರೆದುಕೊಂಡರು. ಕೊನೆಗೆ ಹೊಸ ಚೀಲ. ನಮ್ಮಲ್ಲಿರುವ ಸಣ್ಣ ಚೀಲಗಳಲ್ಲಿ ಒಳ್ಳೆಯದು, ಒಂಬೈನೂರು ಗ್ರಾಂ. ಒಂದು ಲೀಟರ್ ನೀರು, ಬ್ರೆಡ್ಡು, ಎರಡು ಬೇಯಿಸಿದ ಮೊಟ್ಟೆ, ದ್ರಾಕ್ಷಿ, ಬಾದಾಮಿ ಎಲ್ಲ ಸೇರಿಸಿದಾಗ ತಕ್ಕಡಿ ಮೂರು ಕಿಲೋ ಇನ್ನೂರ ಅರವತ್ತರಲ್ಲಿ ನಿಂತಿತು. ನಾನು ಅದನ್ನು ಕಣ್ಣಿನಿಂದ ಹೆದರಿಸಿ ನೋಡಿದೆ. ಇಳಿಯಲಿಲ್ಲ.

"ನೀರು ಸ್ವಲ್ಪ ಕಮ್ಮಿ ಮಾಡಿದ್ರೆ..."

"ನೀರಿನ ಮಾತೆತ್ತಬೇಡಿ. ಮನೆಯಿಂದ ಹೊರಡುವಾಗ ಒಂದು ಲೀಟರ್ ಇರ್ಲೇಬೇಕು."

"ನಿಮ್ಮ ಅಳಿಯಂದ್ರ ಮಾತು ತೆಗೆದು ಹೊರಗಿಡಿ ಅಮ್ಮ, ಎರಡು ಕಿಲೋ ಇಳಿಯತ್ತೆ," ಎಂದಳು ಗಲ್ಲಾಪೆಟ್ಟಿಗೆಯವಳು.

ನನ್ನ ಮಾನ ತಕ್ಕಡಿಗೇರಿತ್ತು. "ಚೀಲ ಇಲ್ಲೇ ಇರ್ಲಿ ಅತ್ತೆ. ನಾಳೆ ಸಂಜೆ ಮನೆಗೇ ತಂದುಕೊಡ್ತೀನಿ. ಮೂರರೊಳಗೆ ಇಲ್ದಿದ್ರೆ ನನ್ನ ಹೆಸರು ಬದಲಾಯಿಸಿ."

"ಹೆಸರು ಬದಲಾಯಿಸಿದ್ರೆ ಮನುಷ್ಯ ಬದಲಾಗ್ತಾನಾ?" ಎಂದು ಅತ್ತೆ ತಕ್ಕಡಿ ಎತ್ತಿಕೊಂಡು ಹೊರಟರು.

ಶುಕ್ರವಾರ ಬೆಳಿಗ್ಗೆ ಆ ಚೀಲವನ್ನು ಸಾಮಾನು ಕೋಣೆಗೆ ಒಯ್ದು ಒಳಗೂ ಹೊರಗೂ ತಡವಿದೆ. ಬೆನ್ನಿನ ಕಡೆ ಒಳಗೊಂದು ಉದ್ದನೆಯ ಕಿಸೆ, ಅದರಲ್ಲಿ ತೆಳು ಪ್ಲಾಸ್ಟಿಕ್ಕಿನ ಹಲಗೆ, ಹಲಗೆಗೆ ಅಂಟಿದ ಅಲ್ಯೂಮಿನಿಯಂ ಸರಳು. ಎಳೆದು ತೆಗೆದೆ. ನೂರ ಎಪ್ಪತ್ತು ಗ್ರಾಂ! ಕಂಪನಿಯವರ ಮೋಸ ತಟ್ಟನೆ ಹೊಳೆಯಿತು. ಗೋಡೆಯ ಕೊಕ್ಕೆಗೆ ನೇತುಹಾಕಿದಾಗ ಚೀಲ ನೆಟ್ಟಗೆ ಕಾಣಲೆಂದು ಹಲಗೆ ತುರುಕಿ, ಅದರ ಭಾರವನ್ನು ಪಾಪದ ಗಿರಾಕಿಯ ಬೆನ್ನಿಗೆ ಹೇರುತ್ತಾರೆ! ಕೆಳಗೆ ಸೊಂಟಕ್ಕೆ ಕಟ್ಟುವ ದಪ್ಪ ಪಟ್ಟಿ ಬೇರೆ. ಪ್ಯಾಂಟು ಜಾರುವವರಿಗೆ ಇರಬೇಕು. ಅತ್ತೆಗೆ ಅಂಥ ತೊಂದರೆಯಿಲ್ಲ. ಅದನ್ನೂ ಬಿಚ್ಚಿದೆ, ನೂರ ಇಪ್ಪತ್ತು. ಈ ಊರಿನಲ್ಲಿ ಇಷ್ಟು ಬುದ್ಧಿ ನನ್ನೊಬ್ಬನಿಗೇ ಯಾಕೆ ಬಂತೆಂದು ನನಗೇ ಬೇಸರವಾಯಿತು.

ಸಂಜೆ ಅತ್ತೆಯ ಅಡುಗೆಮನೆಯಲ್ಲಿ ತಕ್ಕಡಿ ಎರಡು ಕಿಲೋ ಒಂಬೈನೂರ ಎಪ್ಪತ್ತು ತೋರಿಸಿತು. ಅತ್ತೆ ಚೀಲವನ್ನು ಎತ್ತಿ, ಮತ್ತೆ ಇಟ್ಟು, ಮತ್ತೆ ನೋಡಿದರು. ನನ್ನ ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದಳು.

"ಹೇಗೆ ಮಾಡಿದ್ರಿ?" ಎಂದು ಅತ್ತೆ ಕೇಳಿದರು.

"ಕಸುಬಿನ ಗುಟ್ಟು ಅತ್ತೆ."

"ಪರವಾಗಿಲ್ವೇ," ಎಂದರು ಅತ್ತೆ.

ಪರವಾಗಿಲ್ಲ! ಒಂಬತ್ತು ವರ್ಷದಲ್ಲಿ ಮೊದಲ ಸಲ! ಕೋತಿಗೆ ಹೆಂಡ ಕುಡಿಸಿದ ಹಾಗಾಯಿತು. ಬಾಯಿ ತನ್ನಷ್ಟಕ್ಕೆ ತೆರೆದುಕೊಂಡಿತು. ಅದೇ ಬೆಟ್ಟವನ್ನು ನಾನು ಹದಿನೇಳು ಸಲ ಹತ್ತಿದ್ದೇನೆಂದೂ, ಅದರಲ್ಲಿ ಒಂದು ಸಲ ಹಿಮ್ಮುಖವಾಗಿ ನಡೆದೇ ಹತ್ತಿದ್ದೆನೆಂದೂ, ತುದಿ ಬಂದದ್ದು ತಿಳಿಯದೆ ಆಚೆ ಕಡೆ ಅರ್ಧ ಇಳಿದಿದ್ದೆನೆಂದೂ ಹೇಳಿದೆ.

"ಹೌದಾ? ಹಾಗಾದ್ರೆ ಭಾನುವಾರ ನೀವೂ ಬನ್ನಿ," ಎಂದರು ಅತ್ತೆ.

"ನಾನಾ? ಅಂಗಡಿ..."

"ಭಾನುವಾರ ಅಂಗಡಿಗೆ ರಜಾ," ಎಂದಳು ಹೆಂಡತಿ. "ಹೋಗಿಬನ್ನಿ. ಹದಿನೆಂಟನೇ ಸಲ ಅಲ್ವಾ? ನಿದ್ದೇಲೇ ಹತ್ತಬಹುದು. ಆದ್ರೆ ಅಮ್ಮನ ಮುಂದೆ ಮುಂದೆ ಓಡ್ಬೇಡಿ. ಅವಳ ಜೊತೇಲೇ ಇರಿ."

ಕೊನೆಯ ಮಾತನ್ನು ಅವಳು ನಗದೆ ಹೇಳಿದಳು.

ಭಾನುವಾರ ಬೆಳಿಗ್ಗೆ ಆರೂವರೆಗೆ ಬಸ್ ನಿಲ್ದಾಣದಲ್ಲಿ ಸಂಘ ಸಾಲಾಗಿ ನಿಂತಿತ್ತು. ನಾನು ಅತ್ತೆಗೆ ಕೊಟ್ಟಂಥದೇ ಇನ್ನೊಂದು ಚೀಲವನ್ನು ಅಂಗಡಿಯ ಗೋಡೆಯಿಂದ ಇಳಿಸಿ ತಂದಿದ್ದೆ. ಅದು ನನ್ನ ಬೆನ್ನ ಮೇಲೆ ಎತ್ತಿನ ಹಿಣಿಲಿನಂತೆ ಉಬ್ಬಿ ನಿಂತಿತ್ತು. ಶಿಳ್ಳೆ ಮೇಷ್ಟ್ರು ಸುತ್ತ ಬಂದು ನೋಡಿದರು. ಒಣಗಿದ ಮನುಷ್ಯ. ಮಡಿಸಿ ಜೇಬಿನಲ್ಲಿಟ್ಟುಕೊಳ್ಳಬಹುದು ಎನ್ನುವಷ್ಟು.

"ಇದೇನ್ರೀ, ಮನೆ ಬದಲಾಯಿಸ್ತಿದೀರಾ?"

"ಕಲ್ಲು ಮೇಷ್ಟ್ರೆ. ಹನ್ನೆರಡು ಕಿಲೋ ಕಲ್ಲು. ಖಾಲಿ ಬೆನ್ನಲ್ಲಿ ಹತ್ತಿದ್ರೆ ಬೆಟ್ಟ ನಂಗೆ ಸಪ್ಪೆ."

ಮೇಷ್ಟ್ರು ಶಿಳ್ಳೆ ಊದಿದರು. ನನ್ನ ಕಿವಿಯ ಪಕ್ಕದಲ್ಲೇ.

ಮೊದಲ ಅರ್ಧ ಗಂಟೆ ನಾನೇ ಎಲ್ಲರಿಗಿಂತ ಮುಂದೆ. ಹಾಡು ಹೇಳಿದೆ. ಹಿಂದೆ ತಿರುಗಿ, "ಬನ್ನಿ, ಬನ್ನಿ, ಮೇಲೆ ಹೋಗಿ ನಿದ್ದೆ ಮಾಡಿದ್ರಾಯ್ತು!" ಎಂದು ಮುದುಕರನ್ನು ಹುರಿದುಂಬಿಸಿದೆ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ಈ ಬೆಟ್ಟ ಹತ್ತಿರ ಹೋದ ಮೇಲೂ ಸ್ವಲ್ಪ ಹೊತ್ತು ನುಣ್ಣಗೇ ನಟಿಸಿತು. ಆಮೇಲೆ ಕಲ್ಲಿನ ಮೆಟ್ಟಿಲುಗಳಂಥ ದಾರಿ ಬಂತು. ನನಗೆ ಇದ್ದಕ್ಕಿದ್ದಂತೆ ಗಿಡಗಳ ಬಗ್ಗೆ ಆಸಕ್ತಿ ಹುಟ್ಟಿತು. ಪ್ರತಿ ಇಪ್ಪತ್ತು ಹೆಜ್ಜೆಗೊಂದು ಗಿಡದ ಮುಂದೆ ನಿಂತು ಎಲೆಗಳನ್ನು ಬಹಳ ಹೊತ್ತು ಪರೀಕ್ಷಿಸತೊಡಗಿದೆ. ಎಪ್ಪತ್ತರ ಮುದುಕಿಯೊಬ್ಬಳು ನನ್ನನ್ನು ದಾಟುತ್ತ, "ಗಿಡದ ಹೆಸರೇನಪ್ಪಾ?" ಎಂದಳು. ಉಸಿರಿದ್ದರೆ ಹೇಳುತ್ತಿದ್ದೆ.

ಹೀಗೆ ಹಿಂದೆ ಬಿದ್ದದ್ದರಿಂದಲೇ ಅತ್ತೆಯನ್ನು ಸರಿಯಾಗಿ ನೋಡಿದೆ. ಅವರೂ ಹಿಂದೆ ಬಿದ್ದಿದ್ದರು. ಕಾಲುಗಳಲ್ಲಿ ತೊಂದರೆಯಿರಲಿಲ್ಲ, ಮೇಕೆಯ ಹಾಗೆ ಹತ್ತುತ್ತಿದ್ದರು. ಆದರೆ ನಿಮಿಷಕ್ಕೊಮ್ಮೆ ಎಡಗೈಯನ್ನು ಬಲಭುಜದ ಪಟ್ಟಿಯಡಿ ತೂರಿಸಿ ಎತ್ತಿಹಿಡಿಯುತ್ತಿದ್ದರು. ನಾನು ಕಟ್ಟಿಕೊಟ್ಟ ಚೀಲ ಅವರ ಬೆನ್ನಿನ ಮೇಲೆ ನೆಟ್ಟಗೆ ಕೂತಿರಲಿಲ್ಲ. ಒದ್ದೆ ಗೋಣಿಯ ಹಾಗೆ ಕೆಳಗೆ ಜೋತು, ಹಿಂದಕ್ಕೆ ಎಳೆಯುತ್ತ ತೂಗಾಡುತ್ತಿತ್ತು. ಪಟ್ಟಿಗಳು ಭುಜದಲ್ಲಿ ಹೂತುಹೋಗಿದ್ದವು. ಅವರ ಮುಖದ ಬಣ್ಣ ಇಳಿದಿತ್ತು.

"ಅತ್ತೆ, ಕೊಡಿ ಇಲ್ಲಿ. ಯಾರೂ ನೋಡ್ತಿಲ್ಲ."

"ಕೈ ತೆಗೀರಿ!" ಅಂಥ ಧ್ವನಿಯನ್ನು ನಾನು ಅವರಿಂದ ಕೇಳಿರಲಿಲ್ಲ. "ಯಾರೂ ನೋಡ್ದೇ ಇದ್ರೆ ಕೊಟ್ಟಿದ್ದು ಕೊಟ್ಟ ಹಾಗಲ್ವಾ?"

ಇನ್ನೂ ಐವತ್ತು ಹೆಜ್ಜೆ ಹೋಗಿ ಒಂದು ಬಂಡೆಯ ಮೇಲೆ ಕೂತುಬಿಟ್ಟರು. ಚೀಲ ಬೆನ್ನಿನಿಂದ ಇಳಿಸಲು ಬಲಗೈ ಏಳಲಿಲ್ಲ. ಎಡಗೈಯಲ್ಲೇ ಎಳೆದುಕೊಂಡರು. ಮೇಲಿನಿಂದ ಶಿಳ್ಳೆ ಮೇಷ್ಟ್ರು ಇಳಿದು ಬಂದರು. ಕೈಯಲ್ಲಿ ಸಂಘದ ಪುಸ್ತಕ, ಕಿವಿಯ ಮೇಲೆ ಪೆನ್ನು.

"ಆಗಲ್ಲ ಅಂದ್ರೆ ಹೇಳಿಬಿಡಿ ಅಮ್ಮ. ವಯಸ್ಸಾಯ್ತು, ನಾಚಿಕೆ ಏನಿಲ್ಲ. ಚೀಲ ಯಾರಾದ್ರೂ ಹೊತ್ಕೊಳ್ತಾರೆ. ನಿಯಮ ನಿಯಮಾನೇ, ನಾನೇನೂ ಮಾಡಕ್ಕಾಗಲ್ಲ."

ಹೇಳುತ್ತಲೇ ಪೆನ್ನು ಕಿವಿಯಿಂದ ಕೈಗೆ ಬಂದಿತ್ತು.

"ಪೆನ್ನು ಇದ್ದಲ್ಲೇ ಇಡಿ ಮೇಷ್ಟ್ರೆ. ಹತ್ತು ನಿಮಿಷ ಕೊಡಿ."

ಅತ್ತೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡರು. ಅಳುತ್ತಾರೆಂದು ನಾನು ಅಂದುಕೊಂಡೆ. ಅವರು ಪರೀಕ್ಷೆ ಶುರುಮಾಡಿದರು! ಬೆರಳುಗಳನ್ನು ಹೊಲಿಗೆಯ ಮೇಲೆ ಓಡಿಸಿದರು, ಪಟ್ಟಿ ಎಳೆದು ನೋಡಿದರು, ಕೈಯನ್ನು ಒಳಗೆ ತೂರಿಸಿ ಬೆನ್ನಿನ ಕಡೆಯ ಕಿಸೆಯನ್ನು ಹುಡುಕಿ ತೆರೆದರು.

"ಇಲ್ಲೊಂದು ಉದ್ದ ಕಿಸೆ ಇದೆ. ಖಾಲಿ. ಕೆಳಗೆ ಎರಡು ಕಡೇನೂ ಕುಣಿಕೆ ಇವೆ, ಅದಕ್ಕೆ ಏನೂ ಕಟ್ಟಿಲ್ಲ. ಇವೆಲ್ಲ ಯಾತಕ್ಕೆ ಅಳಿಯಂದ್ರೆ?"

"ಅದಾ? ಅದು ಗಾಳಿಯಾಡಲಿ ಅಂತ ಅತ್ತೆ. ಹೊಸ ಮಾದರಿ. ಬೆನ್ನು ತಣ್ಣಗಿರತ್ತೆ."

ಅತ್ತೆ ಎದ್ದು ಮೇಷ್ಟ್ರ ಬೆನ್ನ ಹಿಂದೆ ಹೋಗಿ, ಅಪ್ಪಣೆಯನ್ನೂ ಕೇಳದೆ ಅವರ ಚೀಲವನ್ನು ಗಿಣ್ಣಿನಿಂದ ತಟ್ಟಿದರು. ಟಕ್ ಟಕ್ ಎಂದಿತು.

"ಇವರದರಲ್ಲಿ ಏನೋ ಗಟ್ಟಿ ಇದೆ."

"ಹಲಗೆ ಅಮ್ಮ," ಎಂದರು ಮೇಷ್ಟ್ರು. "ಅದು ಇದ್ರೇನೇ ಚೀಲ ಬೆನ್ನಿಗೆ ಕೂರೋದು. ಸೊಂಟದ ಪಟ್ಟಿ ಬಿಗಿ ಮಾಡಿದ್ರೆ ಭಾರ ಹಲಗೆ ಮೇಲಿಂದ ಸೊಂಟಕ್ಕೆ ಇಳಿಯತ್ತೆ, ಹೆಗಲಿಗೆ ಬರೋದು ಕಾಲು ಭಾಗ. ನಿಮ್ಮಂಥ ಭುಜಕ್ಕೆ ಅದಿಲ್ದೆ ಆಗತ್ತಾ?" ಅವರು ಅತ್ತೆಯ ಚೀಲದೊಳಗೆ ಇಣುಕಿದರು. "ಅಯ್ಯೋ, ಇದನ್ನ ಯಾವ ಗೂಬೆ ಕಿತ್ತಿದ್ದು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವಷ್ಟು ದಡ್ಡ ನಾನಲ್ಲ. ಕೈಗಳನ್ನು ಬಿಗಿಯಾಗಿ ಜೇಬಿನಲ್ಲಿಟ್ಟುಕೊಂಡು ಆಕಾಶ ನೋಡಿದೆ. ಆದರೆ ಅತ್ತೆ ನನ್ನ ಹೆಗಲನ್ನೇ ನೋಡುತ್ತಿದ್ದರು.

"ಇನ್ನೂರ ತೊಂಬತ್ತು ಗ್ರಾಂ," ಎಂದರು ಮೆಲ್ಲಗೆ. "ಗುಟ್ಟು ಅಂದಿದ್ದು ಇದೇನಾ?"

"ತಕ್ಕಡೀಲಿ ಇಳೀತಲ್ಲ ಅತ್ತೆ..."

"ಇಳೀತು. ತಕ್ಕಡಿಗೆ ಆಪರೇಷನ್ ಆಗಿರಲಿಲ್ಲ." ಆಮೇಲೆ ಮೇಷ್ಟ್ರ ಕಡೆ ತಿರುಗಿದರು. "ನನ್ನ ಹೊರೆ ನನ್ನ ಬೆನ್ನಿಗೆ, ಇಷ್ಟೇ ಅಲ್ವಾ ನಿಯಮ? ಹಲಗೆ ಇಂಥವರದೇ ಇರ್ಬೇಕು ಅಂತ ಬರೆದಿದೆಯಾ?"

ಮೇಷ್ಟ್ರು ಯೋಚಿಸಿದರು. ನಿಯಮ ಮಾಡಿದವರಿಗೆ ಅದರ ತೂತು ಬೇರೆಯವರು ತೋರಿಸಿದರೆ ಆಗುವ ಕಷ್ಟವೆಲ್ಲ ಅವರ ಮುಖದಲ್ಲಿ ಕಂಡಿತು. "ಬರೆದಿಲ್ಲ," ಎಂದರು.

"ನಿಮ್ಮದೂ ಇದೇ ಚೀಲ ಅಲ್ವಾ ಅಳಿಯಂದ್ರೆ? ಬಿಚ್ಚಿ. ಹಲಗೆ, ಪಟ್ಟಿ ಎರಡೂ ಕೊಡಿ."

ಆಗ ನನಗೆ ಬೆವರಿತು. ಹತ್ತುವಾಗ ಬಂದದ್ದು ಬರೀ ನೀರು. ಇದು ನಿಜವಾದ ಬೆವರು.

"ಅತ್ತೆ, ಸೇರಿಸಿದ್ರೆ ಮತ್ತೆ ಮೂರು ಕಿಲೋ ಮೀರತ್ತೆ! ಡಾಕ್ಟ್ರು..."

"ಎರಡು ಗಂಟೆ ಹೊತ್ತಿಂದ ನೀರು ಕುಡೀತಿದೀನಿ. ಬಾಟ್ಲೀಲಿ ಅರ್ಧ ಲೀಟರ್ ಉಳಿದಿದೆ. ಈಗ ಹಲಗೆ ಸೇರಿಸಿದ್ರೂ ಎರಡು ಕಿಲೋ ಏಳುನೂರ ಅರವತ್ತು. ಮೊದಲ ಗಂಟೆ ಮುಗಿಯೋ ಹೊತ್ತಿಗೇ ನೀವು ಉಳಿಸಿದ್ದಷ್ಟೂ ನನ್ನ ಹೊಟ್ಟೇಲಿತ್ತು. ಬಿಚ್ಚಿ."

"ಕಲ್ಲಿದೆ ಅತ್ತೆ. ಹನ್ನೆರಡು ಕಿಲೋ. ತೆಗೆಯಕ್ಕೆ ಹೊತ್ತಾಗತ್ತೆ..."

"ಬೆಟ್ಟದಲ್ಲಿ ಕಲ್ಲು ಬಿಸಾಕೋಕೆ ಜಾಗ ಇಲ್ವಾ?" ಎಂದು ಮೇಷ್ಟ್ರು ನನ್ನ ಬೆನ್ನಿಗೇ ಕೈಹಾಕಿ ಜಿಪ್ಪು ಎಳೆದರು.

ಹಲಗೆಯ ಕಿಸೆ ಚೀಲದ ತಳದವರೆಗೂ ಇರುವುದರಿಂದ ಒಳಗಿನದೆಲ್ಲ ಹೊರಗೆ ಬರಲೇಬೇಕಿತ್ತು. ಮೇಷ್ಟ್ರು ಒಂದೊಂದಾಗಿ ತೆಗೆದರು. ಹಳದಿ ಸ್ಪಂಜಿನ ತುಂಡು. ಇನ್ನೊಂದು ಹಳದಿ ಸ್ಪಂಜಿನ ತುಂಡು. ಮೂರನೆಯದು ದೊಡ್ಡದು, ಅಂಗಡಿಯ ಮುದ್ರೆ ಇದ್ದದ್ದು. ಅಷ್ಟರಲ್ಲಿ ಮೇಲೆ ಹೋಗಿದ್ದ ಹದಿನೈದು ಜನ ಏನಾಯಿತೆಂದು ನೋಡಲು ಇಳಿದು ಬಂದು ಸುತ್ತ ನಿಂತಿದ್ದರು. ಗಿಡದ ಹೆಸರು ಕೇಳಿದ್ದ ಮುದುಕಿ ಒಂದು ತುಂಡನ್ನು ಎತ್ತಿಕೊಂಡು ಅದುಮಿ, "ಈ ಕಲ್ಲು ಬಹಳ ಮೆತ್ತಗಿದೆ," ಎಂದಳು.

ಯಾರೂ ಜೋರಾಗಿ ನಗಲಿಲ್ಲ. ನಕ್ಕಿದ್ದರೆ ನಾನೂ ನಕ್ಕು ಏನಾದರೂ ಕಟ್ಟಿ ಹೇಳುತ್ತಿದ್ದೆ.

ಅತ್ತೆ ನನ್ನ ಚೀಲದ ಹಲಗೆಯನ್ನು ತಮ್ಮದಕ್ಕೆ ತೂರಿಸಿದರು, ಸೊಂಟದ ಪಟ್ಟಿಯನ್ನು ಕುಣಿಕೆಗಳಿಗೆ ಸಿಕ್ಕಿಸಿದರು. ಎಡಗೈಯಿಂದ ಎತ್ತಿ ತಾವೇ ಬೆನ್ನಿಗೆ ಹಾಕಿಕೊಂಡರು. ಯಾರೂ ಮುಟ್ಟಲಿಲ್ಲ, ಮುಟ್ಟಲು ಬಿಡಲಿಲ್ಲ. ಪಟ್ಟಿಯನ್ನು ಸೊಂಟಕ್ಕೆ ಬಿಗಿದು ಹತ್ತು ಹೆಜ್ಜೆ ಮೇಲಕ್ಕೆ ಹೋದರು, ಹತ್ತು ಹೆಜ್ಜೆ ಇಳಿದರು. ಭುಜದ ಪಟ್ಟಿಯಡಿ ಎರಡು ಬೆರಳು ತೂರಿಸಿ ನೋಡಿದರು. ಬೆರಳು ಸಲೀಸಾಗಿ ಹೋಯಿತು. ಚೀಲ ಅವರ ಬೆನ್ನಿಗೆ ಅಂಟಿಕೊಂಡು ನೆಟ್ಟಗೆ ಕೂತಿತ್ತು.

"ನಡೀತೀನಿ," ಎಂದರು.

ಮೇಷ್ಟ್ರು ಪುಸ್ತಕ ಮುಚ್ಚಿ ಶಿಳ್ಳೆ ಊದಿದರು. ಸಾಲು ಮೇಲಕ್ಕೆ ಹೊರಟಿತು. ಅತ್ತೆ ಮಾತ್ರ ನನ್ನ ಮುಂದೆ ನಿಂತರು. ನಾನು ಬಂಡೆಯ ಮೇಲೆ, ಮಡಿಲ ತುಂಬ ಸ್ಪಂಜಿನ ತುಂಡುಗಳನ್ನು ಇಟ್ಟುಕೊಂಡು ಕೂತಿದ್ದೆ.

"ನೀರು ತಂದಿದೀರಾ?"

ತಂದಿರಲಿಲ್ಲ. ಚೀಲದಲ್ಲಿ ಜಾಗವಿರಲಿಲ್ಲ.

ಅವರು ತಮ್ಮ ಬಾಟಲಿ ಕೊಟ್ಟರು. "ಕುಡೀರಿ. ಮೇಲೆ ಒರತೆ ಇದೆ, ನಾನು ಅರ್ಧ ತುಂಬಿಸ್ಕೊಳ್ತೀನಿ. ಅಲ್ಲಿವರೆಗೆ ನಂಗೂ ಭಾರ ಕಮ್ಮಿ."

ಕುಡಿದೆ. ಪೂರ್ತಿ ಕುಡಿದೆ.

"ಈಗ ಹೇಳಿ. ಈ ಬೆಟ್ಟಾನ ಎಷ್ಟು ಸಲ ಹತ್ತಿದೀರಿ?"

"ಹದಿನೇಳು ಅಂದ್ರೆ ಅತ್ತೆ, ಲೆ‌ಕ್ಕ ಸ್ವಲ್ಪ ಆಚೀಚೆ..."

"ಅಳಿಯಂದ್ರೆ."

"ಏಳು."

ಅತ್ತೆ ಖಾಲಿ ಬಾಟಲಿಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಸೀಸೆಯಲ್ಲಿ ರಕ್ತ ತಳಕ್ಕಿಳಿಯುವವರೆಗೆ ಕಾದು ಅಭ್ಯಾಸವಿದ್ದ ಹೆಂಗಸು. ಅವರಿಗೆ ಯಾವ ಅವಸರವೂ ಇರಲಿಲ್ಲ.

"ಒಂದೆರಡು..."

ಕಾದರು.

"ಇದೇ ಮೊದಲು ಅತ್ತೆ," ಎಂದೆ. "ಇದೂ ಅರ್ಧ. ಬೇರೆ ಯಾವ ಬೆಟ್ಟಾನೂ ಹತ್ತಿಲ್ಲ. ಕೆಲಸಕ್ಕೆ ಸೇರುವಾಗ ಹತ್ತಿದೀಯಾ ಅಂತ ಮಾಲೀಕರು ಕೇಳಿದ್ರು, ಹೂಂ ಅಂದೆ. ಅಲ್ಲಿಂದ ಶುರುವಾಯ್ತು."

"ಅದು ಹೇಗಾದ್ರೂ ಇರ್ಲಿ. ಆ ಹಲಗೆ? ಬೇಕು ಅಂತ ಗೊತ್ತಿದ್ದೂ ತೆಗೆದ್ರಾ?"

ಅವರು ನಿಂತದ್ದು ಇದೊಂದನ್ನು ಕೇಳಲಿಕ್ಕೇ ಎಂದು ಆಗ ತಿಳಿಯಿತು. ಗೊತ್ತಿತ್ತು ಎಂದರೆ ನಾನು ಕೇಡಿಗನಾಗುತ್ತಿದ್ದೆ, ತಜ್ಞನಾಗಿಯಾದರೂ ಉಳಿಯುತ್ತಿದ್ದೆ. ಒಂದು ಕ್ಷಣ ಆಸೆಯಾಯಿತು.

"ಗೊತ್ತಿರಲಿಲ್ಲ ಅತ್ತೆ. ಗೋಡೆ ಮೇಲೆ ನೆಟ್ಟಗೆ ಕಾಣ್ಲಿ ಅಂತ ಇಟ್ಟಿರ್ತಾರೆ ಅಂದ್ಕೊಂಡಿದ್ದೆ. ಏಳು ವರ್ಷದಿಂದ ದಿನಾ ಬೆಳಿಗ್ಗೆ ಚೀಲ ತುಂಬಿಸಿ ಕೊಕ್ಕೆಗೆ ಹಾಕ್ತೀನಿ, ಸಂಜೆ ಧೂಳು ಹೊಡೀತೀನಿ. ಒಂದು ದಿನಾನೂ ಹೊತ್ತು ನೋಡಿಲ್ಲ."